೫೯೯: ಒಂದು ಹೊಗಳಿಕೆಯ ವಿಮರ್ಶೆ

ಪುಸ್ತಕಗಳ ಗುಣದೋಷಗಳಿಗೆ ಮೀಸಲಾದ ಈ ಪುಟದಲ್ಲಿ ಇಂದು ನಾನು ಪುಸ್ತಕವಲ್ಲದ ಒಂದು ಬರಹವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ, ಓದುಗರು ಮನ್ನಿಸಬೇಕು. ಆ ಬರಹದಲ್ಲಿ ಇರುವುದು ಮೂರೇ ಅಂಕೆ: ಐದು, ಒಂಬತ್ತು, ಒಂಬತ್ತು. ಹವ್ಯಾಸಿ ರೇಡಿಯೋದವರು, ಅಂದರೆ ಜನರು 'ಹ್ಯಾಮ್' ಎಂದು ಕರೆಯುವ ನಮ್ಮಂಥವರು, ಆಕಾಶಮಾರ್ಗದಲ್ಲಿ ಒಬ್ಬರಿಗೊಬ್ಬರು ಸಿಕ್ಕೊಡನೆ ಕೊಟ್ಟು ತೆಗೆದುಕೊಳ್ಳುವುದು ಈ ಅಂಕೆಗಳನ್ನೇ. ನಿನ್ನ ದನಿ ನನಗೆ ಹೇಗೆ ಮುಟ್ಟಿತು ಎಂಬುದರ ವರದಿ ಅದು. ಆಮೇಲೆ ಅಂಚೆಯಲ್ಲಿ ಬರುವ ಕ್ಯೂಎಸ್‌ಎಲ್ ಕಾರ್ಡಿನ ಮೇಲೂ ಅದೇ ಅಂಕೆ ಬಿದ್ದಿರುತ್ತದೆ.

ಈ ಕ್ರಮವನ್ನು ೧೯೩೪ರಲ್ಲಿ ರೂಪಿಸಿದವನು ಆರ್ಥರ್ ಬ್ರಾಟನ್ ಎಂಬ ಹವ್ಯಾಸಿ. ಮೊದಲನೆಯ ಅಂಕೆ ತಿಳಿವಿನದು, ಒಂದರಿಂದ ಐದರವರೆಗೆ: ಹೇಳಿದ್ದು ಅರ್ಥವಾಯಿತೆ? ಎರಡನೆಯದು ಬಲದ್ದು, ಒಂದರಿಂದ ಒಂಬತ್ತು. ಮೂರನೆಯದು ನಾದದ್ದು, ಅದೂ ಒಂದರಿಂದ ಒಂಬತ್ತು: ಮೋರ್ಸ್ ಸಂಕೇತದ ಸ್ವರ ಶುದ್ಧವಾಗಿದೆಯೆ, ಇಲ್ಲವೆ ಒಡಕಾಗಿದೆಯೆ? ಇದನ್ನು ಮೊದಲ ಸಲ ಕಲಿತಾಗ ನನಗೆ ಬೆರಗಾಯಿತು. ಒಂದು ಕವನವನ್ನು ಕೈಗೆತ್ತಿಕೊಂಡ ವಿಮರ್ಶಕನಿಗೆ ಇದಕ್ಕಿಂತ ಹೆಚ್ಚಿನ ಪ್ರಶ್ನೆಗಳು ಯಾವುವು ಉಂಟು? ಅದರಲ್ಲಿಯೂ ಬಲವನ್ನೂ ನಾದವನ್ನೂ ಬೇರೆ ಬೇರೆ ಎಣಿಸಿದ್ದು ಜಾಣತನದ ಮಾತು. ಕಿವಿ ಕಿವುಡಾಗುವಂತೆ ಬರುವ ದನಿ ಒಡಕಾಗಿರಬಹುದು. ಕಷ್ಟಪಟ್ಟು ಕೇಳಬೇಕಾದ ದನಿ ತಂಬೂರಿಯ ತಂತಿಯಂತೆ ಶುದ್ಧವಾಗಿರಬಹುದು. ಸಾಹಿತ್ಯದಲ್ಲಿ ಈ ಎರಡನ್ನು ಒಂದೇ ಎಂದು ತಿಳಿದು ನಾವು ಎಷ್ಟೋ ಸಲ ಮೋಸಹೋಗಿದ್ದೇವೆ.

ಆದರೆ ಇಷ್ಟು ಸೊಗಸಾದ ಅಳತೆಗೋಲನ್ನು ಇಂದು ನಾವು ಬಳಸುತ್ತಿರುವ ಬಗೆ ಹೇಗಿದೆ? ಸ್ಪರ್ಧೆಯ ದಿನಗಳಲ್ಲಿ ಕಿವಿಗೊಟ್ಟು ನೋಡಿರಿ: ಎಲ್ಲರಿಗೂ ೫೯೯. ಗದ್ದಲದಲ್ಲಿ ಹೆಸರು ತಿಳಿಯದೆ ಮೂರು ಸಲ ಮತ್ತೆ ಕೇಳಿದವನೂ ಕೊನೆಗೆ ಕೊಡುವುದು ೫೯೯. ತಿಳಿವು ಐದಕ್ಕೆ ಐದು! ಗಣಕಯಂತ್ರ ಆ ಅಂಕೆಯನ್ನು ತಾನೇ ತುಂಬಿಕೊಂಡು ಕುಳಿತಿರುತ್ತದೆ. ಅವಸರದ ಆಟದಲ್ಲಿ ಇದು ಬರಿಯ ಶಿಷ್ಟಾಚಾರ, ಯಾರೂ ಇದನ್ನು ನಂಬುವುದಿಲ್ಲ ಎಂಬ ಸಮಾಧಾನವುಂಟು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಂಬುವವರು ಇದ್ದಾರೆ.

ಮುಂಡರಗಿಯಲ್ಲಿ ನನಗೊಬ್ಬ ಹಿರಿಯ ಗೆಳೆಯರಿದ್ದಾರೆ. ತಾವೇ ಕೈಯಾರೆ ಕಟ್ಟಿದ ಪ್ರೇಷಕ, ಮಾಳಿಗೆಯ ಮೇಲೆ ಇಪ್ಪತ್ತು ಮೀಟರ್ ಉದ್ದದ ತಂತಿ, ಏಳು ಮೆಗಾಹರ್ಟ್ಸ್. ಬೆಟಗೇರಿಯ ನನ್ನ ಮನೆಗೆ ಅವರ ಸಂಕೇತ ದಿನವೂ ಸಂಜೆ ಗಡಿಯಾರ ಹೊಡೆದಂತೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಅದರ ಸ್ವರ ಕೆಡತೊಡಗಿತು. ಜೇನುಗೂಡಿನ ಹತ್ತಿರ ನಿಂತಂತೆ ಹಿಂದೆ ಒಂದು ಗುಂಯ್ ಎನ್ನುವ ಸದ್ದು. ಕಾರಣ ನನಗೆ ತಿಳಿಯದ್ದೇನಲ್ಲ. ಮನೆಗೆ ಬರುವ ಕರೆಂಟು ಸೆಕೆಂಡಿಗೆ ೫೦ ಸಲ ಹೊಯ್ದಾಡುವಂಥದು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಸಿದಾಗ ಸೆಕೆಂಡಿಗೆ ೧೦೦ ಉಬ್ಬುಗಳಾಗುತ್ತವೆ. ಉಬ್ಬುಗಳ ನಡುವಿನ ತಗ್ಗನ್ನು ತುಂಬಿ ಮಟ್ಟಮಾಡುವುದು ಕೆಪ್ಯಾಸಿಟರಿನ ಕೆಲಸ. ವರ್ಷಗಳ ಶಾಖಕ್ಕೆ ಅದರೊಳಗಿನ ದ್ರವ ಒಣಗಿದರೆ ತಗ್ಗು ತಗ್ಗಾಗಿಯೇ ಉಳಿದು ಸ್ವರದಲ್ಲಿ ಸೇರಿಕೊಳ್ಳುತ್ತದೆ. ಮೂರನೆಯ ಅಂಕೆ ಹುಟ್ಟಿದ್ದೇ ಈ ರೋಗವನ್ನು ಹೇಳುವುದಕ್ಕಾಗಿ.

ನಾನು ಆರೋ ಏಳೋ ಕೊಡಬೇಕಾಗಿತ್ತು. ಹಿರಿಯರ ಮನಸ್ಸನ್ನು ಏಕೆ ನೋಯಿಸಬೇಕೆಂದು ೫೯೯ ಎಂದು ಕುಟ್ಟಿದೆ. ಒಂದು ದಿನವಲ್ಲ, ಎರಡು ತಿಂಗಳು. ಒಂದು ರಾತ್ರಿ ಕೆಪ್ಯಾಸಿಟರ್ ಶಾರ್ಟ್ ಆಯಿತು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿಯಿದ್ದುದರಿಂದ ಟ್ರಾನ್ಸ್‌ಫಾರ್ಮರೂ ಸುಟ್ಟಿತು. ನೋಡಲು ಹೋದಾಗ ಅವರು ಸಿಟ್ಟಾಗಲಿಲ್ಲ. ಕಾರ್ಡುಗಳ ಡಬ್ಬಿಯನ್ನು ನನ್ನ ಮುಂದೆ ಸರಿಸಿ, "ಇಷ್ಟು ಮಂದಿ ಐನೂರ ತೊಂಬತ್ತೊಂಬತ್ತು ಅಂದಾರ. ನೀವೂ ಹಂಗ ಅಂದ್ರಿ. ದಿನಾ ಕೇಳೋರು ನೀವು, ಒಂದು ಮಾತು ಹೇಳಬಾರದಾಗಿತ್ತೇನ್ರೀ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಮ್ಮ ಊರುಗಳ ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಕುಳಿತಾಗ ನನಗೆ ಆ ಡಬ್ಬಿ ನೆನಪಾಗುತ್ತದೆ. ಗದಗಿನಲ್ಲಾಗಲಿ ಶಿರಹಟ್ಟಿಯಲ್ಲಾಗಲಿ, ಮುನ್ನುಡಿಯಿಂದ ಹಿಡಿದು ವಂದನಾರ್ಪಣೆಯವರೆಗೆ ಎಲ್ಲವೂ ೫೯೯. ಎಳೆಯ ಕವಿ ಹಿಗ್ಗಿ ಮನೆಗೆ ಹೋಗುತ್ತಾನೆ. ಅವನ ಸ್ವರದಲ್ಲಿಯ ಗುಂಯ್ ಸದ್ದು ಅವನೊಡನೆಯೇ ಹೋಗುತ್ತದೆ. ಇದು ನಮ್ಮ ಹಳೆಯ ಸಂಪ್ರದಾಯವೇನೂ ಅಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ', ಕನ್ನಡದಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯ ಗ್ರಂಥ, ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನೇ ದೋಷಗಳ ವಿಚಾರಕ್ಕೆ ಮೀಸಲಿಟ್ಟಿದೆ. ಕನ್ನಡದ ತಿರುಳಿನ ನೆಲೆಯೆಂದು ಅದು ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ನಮ್ಮ ಲಕ್ಷ್ಮೇಶ್ವರ. ಆ ನೆಲದವರಾದ ನಾವು ತಪ್ಪನ್ನು ತಪ್ಪೆನ್ನಲು ಅಂಜುವುದು ಚೆಂದವಲ್ಲ.

ಹೊಸಬರ ಉತ್ಸಾಹ ಕುಗ್ಗೀತು ಎಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಶಾಲೆಯ ಹುಡುಗಿಯೊಬ್ಬಳು ಮೊದಲ ಸಲ ನಡುಗುವ ಕೈಯಿಂದ ಕೀಲಿ ಒತ್ತಿದಾಗ ಅವಳಿಗೆ ಬೇಕಾದುದು ಅಂಕೆಗಿಂತ ಹೆಚ್ಚಾಗಿ ಅಕ್ಕರೆ. ಆದರೆ ಅಕ್ಕರೆಯ ಮಾತನ್ನು ಅಂಕೆಯ ಹೊರಗೆ ಆಡಬಹುದಷ್ಟೆ. ಅದಕ್ಕಾಗಿ ಅಂಕೆಯನ್ನೇ ಕೆಡಿಸಬೇಕಾಗಿಲ್ಲ.

ಇನ್ನು ಕೆಲವರು, ಯಂತ್ರವೇ ನಿಜ ಹೇಳುತ್ತದಲ್ಲ ಎನ್ನುತ್ತಾರೆ. ೨೦೧೭ರಲ್ಲಿ ಬಂದ ಎಫ್‌ಟಿ-ಎಂಟು ಎಂಬ ಕ್ರಮದಲ್ಲಿ ಗಣಕವೇ ಸಂಕೇತವನ್ನು ಅಳೆದು ಇಷ್ಟು ಡೆಸಿಬೆಲ್ ಎಂದು ಯಾವ ದಾಕ್ಷಿಣ್ಯವೂ ಇಲ್ಲದೆ ತಿಳಿಸುತ್ತದೆ. ಅದರ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ. ಆದರೆ ಅಳತೆ ಹೇಳಿದ ಮೇಲೆ ಅದು ಸುಮ್ಮನಾಗುತ್ತದೆ. "ಗುಂಯ್ ಅಂತದ, ಕೆಪ್ಯಾಸಿಟರ್ ನೋಡ್ರಿ" ಎನ್ನುವುದು ಮನುಷ್ಯನ ಕಿವಿಯಿಂದ, ಅವನ ಕಾಳಜಿಯಿಂದ ಬರಬೇಕಾದ ಮಾತು. ವಿಮರ್ಶೆಯೆಂದರೆ ಅದೇ.

ಇದು ಬರಿಯ ಆಟದ ಮಾತೂ ಅಲ್ಲ. ೧೯೯೯ರ ಒರಿಸ್ಸಾ ಚಂಡಮಾರುತ, ೨೦೦೧ರ ಕಚ್ಛದ ಭೂಕಂಪ, ೨೦೦೪ರ ಡಿಸೆಂಬರಿನಲ್ಲಿ ಅಂಡಮಾನಿಗೆ ಅಪ್ಪಳಿಸಿದ ಸುನಾಮಿ, ಇವುಗಳಲ್ಲಿ ಸುದ್ದಿ ಮುಟ್ಟಿಸಲು ಹವ್ಯಾಸಿಗಳು ದುಡಿದರು. ಅಂಥ ಹೊತ್ತಿನಲ್ಲಿ ಊರಿನ ಹೆಸರು ಅರ್ಧ ಕೇಳಿದವನು ಪೂರ್ತಿ ತಿಳಿಯಿತೆಂದರೆ ಔಷಧ ಬೇರೆ ಊರಿಗೆ ಹೋಗುತ್ತದೆ. ದಿನವೂ ಸುಳ್ಳು ವರದಿ ಕೊಟ್ಟು ರೂಢಿಯಾದ ನಾಲಿಗೆ ಆ ದಿನ ಮಾತ್ರ ನಿಜ ನುಡಿದೀತೆಂದು ನಂಬಲು ನನಗೆ ಧೈರ್ಯವಿಲ್ಲ.

ಮುಂಡರಗಿಯ ಪ್ರೇಷಕ ಮತ್ತೆ ಸಜ್ಜಾಯಿತು, ಈ ಸಲ ಸರಿಯಾದ ಫ್ಯೂಸಿನೊಡನೆ. ಮೊದಲ ಸಂಜೆ ನಾನು ಕೊಟ್ಟ ವರದಿ ೫೭೯: ನಾದ ಶುದ್ಧ, ಬಲ ಕಡಿಮೆ. ಮರುದಿನ ಅವರು ಮಾಳಿಗೆ ಹತ್ತಿ, ತಂತಿಯ ನಡುವಿನ ಬೆಸುಗೆ ಬಿಟ್ಟಿದ್ದುದನ್ನು ಕಂಡು ಸರಿಪಡಿಸಿದರು. ವಾರದ ಮೇಲೆ ನನಗೊಂದು ಕಾರ್ಡು ಬಂತು. ಬಲ ಒಂಬತ್ತು, ನಾದ ಒಂಬತ್ತು, ಆದರೆ ತಿಳಿವು ನಾಲ್ಕು. ಕೆಳಗೆ ಕೈಬರಹದಲ್ಲಿ ಒಂದು ಸಾಲು: "ನಿಮ್ಮ ಕೈ ಭಾಳ ಅವಸರ, ಅಕ್ಷರ ಒಂದಕ್ಕೊಂದು ಹತ್ತಿಕೊಳ್ತಾವ."

ಇಷ್ಟು ವರ್ಷಗಳಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ಕಾರ್ಡನ್ನು ಕೀಲಿಯ ಎದುರಿನ ಗೋಡೆಗೆ ಅಂಟಿಸಿದ್ದೇನೆ.