ಏಣಿಯಾದರೆ ಏಣಿ, ಮೆಟ್ಟಿಲಾದರೆ ಮೆಟ್ಟಿಲು

ಆರ್.ಟಿ. ನಗರದ ವಿನ್ಯಾಸಕರೊಬ್ಬರು ಎರಡಂತಸ್ತಿನ ವಿಹಾರ ದೋಣಿಯ ನಕ್ಷೆ ಕಳಿಸಿದ್ದಾರೆ. ಅದರ ಮೆಟ್ಟಿಲು ನೋಡಿ ಸುಮ್ಮನಿರಲಾಗುತ್ತಿಲ್ಲ.

ಸಹಕಾರ ನಗರದ ಯಾವುದೋ ಡ್ಯೂಪ್ಲೆಕ್ಸ್ ಮನೆಯಿಂದ ಎತ್ತಿ ತಂದ ಮೆಟ್ಟಿಲು ಅದು. ಜಾಗ ಸಾಲದೆ 55 ಡಿಗ್ರಿಗೆ ಕಡಿದಾಗಿದೆ. ಹಲಗೆಗಳ ನಡುವಿನ ಸಂದು ಮುಚ್ಚಿದೆ. ಕಂಬಿ ಒಂದೇ ಬದಿಗೆ. ಸಾಲದ್ದಕ್ಕೆ ದೋಣಿಗೆ ಅಡ್ಡಲಾಗಿ ಕೂತಿದೆ.

ದೋಣಿಯಲ್ಲೂ ಮನೆ ಮೆಟ್ಟಿಲೇ ಬೇಕೆನ್ನುವ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ಅವರು ಎತ್ತಿ ಹಿಡಿಯುವುದು ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಡೆಲ್‌ನನ್ನು. 1675ರಿಂದ ಪ್ರಕಟವಾಗತೊಡಗಿದ ಅವನ ವಾಸ್ತುಶಿಲ್ಪ ಪಾಠಗಳು ನನಗೂ ಅಚ್ಚುಮೆಚ್ಚು. ಎರಡು ಮೆಟ್ಟಿಲ ಎತ್ತರಕ್ಕೆ ಒಂದು ಮೆಟ್ಟಿಲ ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆ, ಅಂದರೆ ಸುಮಾರು 65 ಸೆಂ.ಮೀ. ಬರಬೇಕು ಎಂಬುದು ಅವನ ಲೆಕ್ಕ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ ಹೇಳುವ 19 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲವನ್ನು ಕೂಡಿಸಿದರೆ 63. ಈಗ 65 ಡಿಗ್ರಿಯ ಹಡಗಿನ ಏಣಿ ನೋಡಿ: ಹಲಗೆಯಿಂದ ಹಲಗೆಗೆ 25 ಸೆಂ.ಮೀ. ಏರಿದರೆ ಮುಂದಕ್ಕೆ ಸಿಗುವುದು 12 ಸೆಂ.ಮೀ.ಗಿಂತ ಕಡಿಮೆ. ಕೂಡಿಸಿದರೆ 62ರ ಹತ್ತಿರ! ಬ್ಲಾಂಡೆಲ್ ಒಪ್ಪಿಬಿಡುತ್ತಾನೆ, ಪಾದ ಒಪ್ಪುವುದಿಲ್ಲ. ಏಣಿಗೆ ಬೆನ್ನು ಹಾಕಿ ಇಳಿದರೆ ಅಲ್ಲಿ ಹಿಮ್ಮಡಿಯಷ್ಟೇ ಊರುತ್ತದೆ. ಏಣಿಗೆ ಮುಖ ಮಾಡಿದರೆ ಬೆರಳುಗಳು ಸಂದಿನೊಳಗೆ ತೂರಿ ಅಂಗಾಲು ಹಲಗೆಯ ಮೇಲೆ ಕೂರುತ್ತದೆ. ಮಕ್ಕಳಿರುವ ಮನೆಯಲ್ಲಿ ಸಂದು ಮುಚ್ಚಲೇಬೇಕು, ಹಡಗಿನ ಏಣಿಯಲ್ಲಿ ಬಿಡಲೇಬೇಕು.

ಯಶವಂತಪುರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದವರನ್ನೇ ಗಮನಿಸಿ. ಮೇಲಿನ ಬರ್ತ್‌ನಿಂದ ಬೆನ್ನು ಕೊಟ್ಟು ಇಳಿಯುವವರು ಅಪರೂಪ, ಏಣಿ ನೆಟ್ಟಗಿರುವುದರಿಂದ ಮೈ ತಾನಾಗಿ ತಿರುಗುತ್ತದೆ. ಅದೇ ರೈಲು ಮುಟ್ಟಿಸುವ ಕಾರವಾರದ ಕಡಲತಡಿಯಲ್ಲಿ ಐಎನ್‌ಎಸ್ ಚಪಲ್ ಇದೆ. 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ವಸ್ತುಸಂಗ್ರಹಾಲಯವಾದ ಕ್ಷಿಪಣಿ ನೌಕೆ. ಅಂಥ ನೌಕೆಯಲ್ಲಿ ಇಕ್ಕಟ್ಟೇ ಆಸರೆ: ಎರಡೂ ಕಂಬಿಗಳು ಎರಡೂ ಕೈಗೆ ಸಿಗಬೇಕು, ನೌಕೆ ವಾಲಿದಾಗ ಭುಜ ಒರಗಬೇಕು. ವಿಶಾಲ ಮೆಟ್ಟಿಲ ನಡುವೆ ನಿಂತವನಿಗೆ ಎರಡೂ ಇಲ್ಲ.

ಆ ನಕ್ಷೆಯ 55 ಡಿಗ್ರಿಯೇ ಅಪಾಯ. ನೋಡಿದವರಿಗೆ ಅದು ಮೆಟ್ಟಿಲಿನಂತೆಯೇ ಕಾಣುತ್ತದೆ, ಹಾಗಾಗಿ ತಿರುಗದೆ ಇಳಿಯುತ್ತಾರೆ. ಅಡ್ಡಕ್ಕಿಟ್ಟರಂತೂ ದೋಣಿ 15 ಡಿಗ್ರಿ ಆ ಕಡೆ ಈ ಕಡೆ ವಾಲಿದಾಗ ಒಮ್ಮೆ 40, ಮರುಕ್ಷಣ 70. ದೋಣಿ ಹೆಚ್ಚು ಹೊಯ್ದಾಡುವುದು ಪಕ್ಕಕ್ಕೇ. ಅದಕ್ಕೇ ಏಣಿ ಯಾವಾಗಲೂ ಉದ್ದಕ್ಕಿರಬೇಕು.

ಆ ವಿನ್ಯಾಸಕ ಮಿತ್ರರಿಗೆ ಇಷ್ಟು ಬರೆದಿದ್ದೇನೆ: ವಯಸ್ಸಾದವರು ಹತ್ತುವ ದೋಣಿಯಾದರೆ ಎರಡು ಆಸನ ಬಿಟ್ಟುಕೊಟ್ಟು ಸರಿಯಾದ ಮೆಟ್ಟಿಲು ಮಾಡಿ. ಆಗದಿದ್ದರೆ 65 ಡಿಗ್ರಿಯ ಏಣಿ ನಿಲ್ಲಿಸಿ, ಸಂದು ತೆರೆಯಿರಿ, ಎರಡೂ ಕಂಬಿಗಳನ್ನು ಮೇಲಿನ ಡೆಕ್ಕಿನಿಂದಾಚೆಗೆ ಒಂದು ಮೀಟರ್ ಎತ್ತರಿಸಿ. ಕೊನೆಯ ಹಲಗೆಯಿಂದ ಡೆಕ್ಕಿಗೆ ಕಾಲಿಡುವಾಗಲೇ ಕೈಗೆ ಏನೂ ಸಿಗದೆ ಜನ ಬೀಳುವುದು.