ವರ್ಚಸ್ಸೂ ಕೂಡುದುಡಿಮೆಯೂ

ನಾಯಕನ ವರ್ಚಸ್ಸೇ ಕೂಡಿ ದುಡಿಯುವವರನ್ನು ಒಂದುಗೂಡಿಸುವುದೆಂಬ ಮತವು ಆಡಳಿತಶಾಸ್ತ್ರದಲ್ಲಿ ಬಲವಾಗಿ ಬೇರೂರಿರುವುದು. ಜರ್ಮನಿಯ ಮ್ಯಾಕ್ಸ್ ವೇಬರ್ (1864-1920) ಮಹಾಶಯನು ‘ಕರಿಸ್ಮ’ವೆಂಬ ಶಬ್ದವನ್ನು ಸಮಾಜಶಾಸ್ತ್ರಕ್ಕೆ ತಂದನು, ಅದನ್ನು ಸಂಸ್ಥೆಗಳ ಆಡಳಿತಕ್ಕೆ ಹೊಂದಿಸಿ ರಾಬರ್ಟ್ ಹೌಸನು 1976ರಲ್ಲಿ ಒಂದು ಸಿದ್ಧಾಂತವನ್ನು ರಚಿಸಿದನು. ಕನ್ನಡದಲ್ಲಿ ಅದಕ್ಕೆ ‘ವರ್ಚಸ್ಸು’ ಎಂಬ ಹೆಸರು ಬಿದ್ದುದು ಅಷ್ಟು ಒಳ್ಳೆಯದಾಗಲಿಲ್ಲ. ವರ್ಚಸ್ಸೆಂಬುದು ತೇಜಸ್ಸು, ಒಬ್ಬನ ಸ್ವಂತದ ಸೊತ್ತು. ವೇಬರನಾದರೋ, ಅನುಯಾಯಿಗಳು ಮನ್ನಿಸಿದಲ್ಲದೆ ಆ ಶಕ್ತಿಯು ನಿಲ್ಲದೆಂದು ಸ್ಪಷ್ಟವಾಗಿಯೇ ಹೇಳಿರುವನು.

ಈ ಮತವನ್ನು ಒರೆಗೆ ಹಚ್ಚುವುದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರಕ್ಕಿಂತ ತಕ್ಕ ಸ್ಥಳವು ಸಿಕ್ಕುವುದು ಕಷ್ಟ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ಉಪವಾಸವ್ರತವನ್ನು ಹಿಡಿದ ಗೊರವಯ್ಯನು ಆಳೆತ್ತರವನ್ನು ಮೀರಿದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುವನು. ಅಪಾರ ಜನಸ್ತೋಮವು ಒಮ್ಮೆಗೇ ಮೌನವಾಗುವುದು. ಒಂದೇ ಸಾಲಿನ ಕಾರ್ಣಿಕವನ್ನು ನುಡಿದು ಅವನು ಕೆಳಕ್ಕೆ ಬೀಳುವನು. ಆ ಬಳಿಕ ಪತ್ರಿಕೆಗಳಲ್ಲಿ ಆ ಸಾಲಿಗೆ ಮಳೆ, ಬೆಳೆ, ರಾಜಕಾರಣಗಳ ಅರ್ಥವನ್ನು ಹಚ್ಚುವ ಸಂಭ್ರಮ. ಬಿಲ್ಲನ್ನು ನೆಟ್ಟಗೆ ಹಿಡಿದವರಾರು, ಬೀಳುವವನಿಗೆ ಕೈಯೊಡ್ಡಿದವರಾರು ಎಂದು ವಿಚಾರಿಸುವ ವ್ಯಾಖ್ಯಾನಕಾರರು ವಿರಳ! ಗೊರವಯ್ಯನ ಕೂಗು ಜಾತ್ರೆಯ ಗದ್ದಲವನ್ನು ಅಡಗಿಸಬಲ್ಲುದು; ಬಿಲ್ಲು ವಾಲದಂತೆ ಹಿಡಿಯುವುದನ್ನು ಅದು ಕಲಿಸಲಾರದು. ಆ ಕೆಲಸವು ವರ್ಷವರ್ಷದ ರೂಢಿಯಿಂದಲೂ, ಪಕ್ಕದವನ ತೋಳಿನ ಬಿಗುವನ್ನು ಅರಿಯುವುದರಿಂದಲೂ ಬರತಕ್ಕದ್ದು.

ಹೌಸನ ಸಿದ್ಧಾಂತವನ್ನು ತಳ್ಳಿಬಿಡಬೇಕಾದುದಿಲ್ಲ. ಅನುಯಾಯಿಗಳ ನಂಬಿಕೆ, ವಿಧೇಯತೆ, ಉತ್ಸಾಹಗಳನ್ನು ಅದು ಚೆನ್ನಾಗಿ ವಿವರಿಸುವುದು. ಆದರೆ ನಂಬಿದವರು ತಮ್ಮತಮ್ಮೊಳಗೆ ಕೆಲಸವನ್ನು ಹೊಂದಿಸಿಕೊಳ್ಳುವ ಬಗೆಯು ಬೇರೆಯೇ ವಿಷಯ. ಗೆಲವಿಗೂ ಸೋಲಿಗೂ ನಾಯಕನನ್ನೇ ಕಾರಣನೆಂದೆಣಿಸುವ ಮೋಹವನ್ನು ಜೇಮ್ಸ್ ಮೈಂಡಲನೂ ಆತನ ಸಂಗಡಿಗರೂ 1985ರಲ್ಲಿ ಎತ್ತಿ ತೋರಿಸಿದರು. ಅವರ ಆಕ್ಷೇಪಣೆಯೇ ಇಲ್ಲಿ ಹೆಚ್ಚು ಸಲ್ಲುವುದು.

ನೆರೆಯ ಕೊಟ್ಟೂರಿನ ಒಂದು ಸಂಗತಿಯು ಇದನ್ನು ಇನ್ನೂ ಕಠಿನವಾಗಿ ತಿಳಿಸುವುದು. 2017ರ ಫೆಬ್ರವರಿ 21ರಂದು ಗುರು ಕೊಟ್ಟೂರೇಶ್ವರನ ತೇರು ಉರುಳಿ ಹಲವರಿಗೆ ಗಾಯಗಳಾದವು. ಅಂದು ಭಕ್ತಿಗೇನೂ ಕೊರತೆಯಿರಲಿಲ್ಲ. ಅಂದಿನ ಕಾರಣಗಳ ಚರ್ಚೆ ಹಾಗಿರಲಿ. ಯಾವ ತೇರಿನಲ್ಲಾದರೂ ಮಿಣಿಯನ್ನು ಹಿಡಿದೆಳೆಯುವವರ ಬೆನ್ನು ತೇರಿನ ಕಡೆಗಿರುವುದು. ಗಾಲಿಯ ತೊಡಕು ಮೊದಲು ತಿಳಿಯುವುದು ಗಾಲಿಯ ಬಳಿ ಇರುವವನಿಗೆ. ಅವನು ‘ನಿಲ್ಲಿ’ ಎಂದರೆ ಜಯಘೋಷದ ನಡುವೆ ಆ ಮಾತು ಮುಂದಿನವರಿಗೆ ಮುಟ್ಟುವುದೇ? ಕಚೇರಿ ಕಾರ್ಖಾನೆಗಳಲ್ಲಿಯೂ ವರ್ಚಸ್ವಿಯಾದ ಯಜಮಾನನ ಕೈಕೆಳಗೆ ತೊಡಕನ್ನು ಮೊದಲು ಕಂಡವನು ಬಾಯಿಬಿಡಬಲ್ಲನೇ ಎಂಬುದನ್ನು, ಯಜಮಾನನ ಗುಣಗಳನ್ನು ಪಟ್ಟಿಮಾಡುವುದಕ್ಕೆ ಮೊದಲೇ, ವಿಚಾರಿಸಬೇಕಾಗಿದೆ.