ಅರಿತೂ ತಡೆಯಲಾರದವಳು: 'ಎ ಟ್ರಾವೆಲರ್ ಇನ್ ಟೈಮ್' ಕಾದಂಬರಿಯನ್ನು ಕುರಿತು

ಮಕ್ಕಳ ಕಾದಂಬರಿಗಳಲ್ಲಿ ಅತಿಮಾನುಷ ಶಕ್ತಿಯೆಂಬುದು ಸಾಮಾನ್ಯವಾಗಿ ಗೆಲವಿನ ಸಾಧನ. ಅದನ್ನು ಪಡೆದ ಬಾಲಕನೋ ಬಾಲಕಿಯೋ ಕಡೆಗೆ ಶತ್ರುವನ್ನು ಮಣಿಸಿಯೇ ತೀರಬೇಕು. ಆಲಿಸನ್ ಅಟ್ಲಿಯವರು 1939ರಲ್ಲಿ ಪ್ರಕಟಿಸಿದ ಈ ಇಂಗ್ಲಿಷ್ ಕಾದಂಬರಿ ಆ ರೂಢಿಯನ್ನು ಬಿಟ್ಟು ನಡೆದಿರುವುದರಿಂದಲೇ ವಿಚಾರಾರ್ಹವಾಗಿದೆ.

ಲಂಡನ್ನಿನ ಹುಡುಗಿ ಪೆನೆಲೊಪಿ ಡಾರ್ಬಿಷೈರ್ ಪ್ರಾಂತದ ಥ್ಯಾಕರ್ಸ್ ಎಂಬ ಹಳೆಯ ಒಕ್ಕಲುಮನೆಗೆ ಬಂದವಳು, ಒಂದು ಬಾಗಿಲನ್ನು ತೆರೆದೊಡನೆ ಹದಿನಾರನೆಯ ಶತಮಾನವನ್ನು ಕಾಣುತ್ತಾಳೆ. ಆಗ ಆ ಮನೆಗೆ ಒಡೆಯನಾಗಿದ್ದ ಆಂತೊನಿ ಬ್ಯಾಬಿಂಗ್ಟನ್, ವಿಂಗ್‌ಫೀಲ್ಡಿನಲ್ಲಿ ಸೆರೆಯಾಗಿರುವ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸುರಂಗದ ಮೂಲಕ ಬಿಡಿಸಲು ಹವಣಿಸುತ್ತಿದ್ದಾನೆ. ಅವನಿಗೆ 1586ರಲ್ಲಿ ಮರಣದಂಡನೆ, ರಾಣಿಗೆ 1587ರಲ್ಲಿ ಶಿರಚ್ಛೇದ. ಚರಿತ್ರೆಯನ್ನು ಓದಿದ ಹುಡುಗಿ ಇದನ್ನು ಬಲ್ಲಳು. ನಮ್ಮ ಜನಪದ ನಂಬಿಕೆಯ ಸಹದೇವನೂ ಮುಂದಾಗುವುದನ್ನು ಬಲ್ಲವನೇ, ಆದರೆ ಕೇಳದೆ ಹೇಳಲಾರ. ಪೆನೆಲೊಪಿಯ ಸಂಕಟ ಇನ್ನೂ ದಾರುಣವಾದುದು: ಅವಳು ಹೇಳಿದರೂ ಫಲವಿಲ್ಲ.

ಕೃತಿಯ ಜೀವ ಇರುವುದು ಅಡುಗೆಮನೆಯಲ್ಲಿ. ರೊಟ್ಟಿಯ ಒಲೆ, ಒಣಗಲು ತೂಗಹಾಕಿದ ಗಿಡಮೂಲಿಕೆ, ಸಿಸಿಲಿ ಎಂಬ ಹಿರಿಯಳ ಕೈಕೆಲಸ, ಇವೆಲ್ಲ ಎರಡು ಕಾಲಗಳಲ್ಲಿಯೂ ಹೆಚ್ಚುಕಡಮೆ ಒಂದೇ. ಮನೆಯ ದುಡಿಮೆ ಬದಲಾಗದೆ ಉಳಿದಿರುವುದರಿಂದ ಬಾಲಕಿ ಶತಮಾನವನ್ನು ದಾಟುವುದು ನಂಬಲರ್ಹವಾಗುತ್ತದೆ. ಲೇಖಕಿ ಹುಟ್ಟಿ ಬೆಳೆದುದು ಅದೇ ಸೀಮೆಯ ಒಕ್ಕಲುಮನೆಯಲ್ಲಿ. ವರ್ಣನೆಗಳಲ್ಲಿ ಪುಸ್ತಕದ ವಾಸನೆ ಇಲ್ಲದಿರುವುದಕ್ಕೆ ಅದೇ ಕಾರಣವಿರಬೇಕು. (ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನದ ಪದವಿ ಪಡೆದಿದ್ದ ಈಕೆ ಕಾಲಯಾನಕ್ಕೆ ಯಾವ ಯಂತ್ರವನ್ನೂ ತರದಿರುವುದು ಸ್ವಾರಸ್ಯ.)

ಆಕ್ಷೇಪಣೆಯೂ ಒಂದುಂಟು. ಬ್ಯಾಬಿಂಗ್ಟನ್ನನ ಒಳಸಂಚು ಕೇವಲ ಸೆರೆಬಿಡಿಸುವ ಸಾಹಸವಾಗಿರಲಿಲ್ಲ. ಎಲಿಜಬೆತ್ ರಾಣಿಯ ಕೊಲೆಯೂ ಅದರಲ್ಲಿ ಸೇರಿತ್ತು. ಕಾದಂಬರಿಯು ಆ ಸಂಚಿಗೆ ಹಿಂದಿನ ವರ್ಷಗಳನ್ನು ಆರಿಸಿಕೊಂಡು, ಆಂತೊನಿಯನ್ನು ಸೌಮ್ಯ ನಿಷ್ಠೆಯ ಯುವಕನನ್ನಾಗಿ ಉಳಿಸಿಕೊಳ್ಳುತ್ತದೆ. ಕಥೆಯ ಕಾಲಮಿತಿಯೇ ಇದಕ್ಕೆ ಸಮಾಧಾನವೆಂದು ವಾದಿಸಬಹುದು. ನನಗೆ ಅದು ಒಪ್ಪಿಗೆಯಲ್ಲ. ಪೆನೆಲೊಪಿಗೆ ಮುಂದಿನದು ತಿಳಿದಿರುವುದಾದರೆ ಆ ಕೊಲೆಯ ಹಂಚಿಕೆಯೂ ತಿಳಿದಿರತಕ್ಕದ್ದು. ತಾನು ಪ್ರೀತಿಸುವ ಮನೆಯ ಒಡೆಯ ನಾಳೆ ಏನಕ್ಕೆ ಒಪ್ಪುವನೆಂಬ ಅರಿವು ಅವಳ ಮನಸ್ಸಿನ ಮೇಲೆ ಬಿದ್ದಿದ್ದರೆ, ಈಗಿರುವ ಮರುಕದ ಜೊತೆಗೆ ಧರ್ಮಸಂಕಟವೂ ಕೂಡುತ್ತಿತ್ತು. ಹನ್ನೆರಡು ವರ್ಷದ ಓದುಗರು ಅದನ್ನು ತಾಳಲಾರರೆಂದು ಲೇಖಕಿ ಭಾವಿಸಿದ್ದರೆ, ಶಿರಚ್ಛೇದದ ಸುದ್ದಿಯನ್ನು ತಾಳಬಲ್ಲ ಮಕ್ಕಳನ್ನು ಅವರು ಕಡಮೆಯಾಗಿ ಎಣಿಸಿದಂತಾಯಿತು.